ರಾಯಚೂರು ಸೀಮೆಯ ಓಣಿಗಳಿಗೆ ಎಂಥ ಬಯಲು, ಎಂಥ ಉದ್ಯಾನ?

ಊರವರೆಲ್ಲರಿಗೂ ಸೇರಿದ ತೆರೆದ ಜಾಗ ಸ್ಥೂಲವಾಗಿ ಮೂರು ಬಗೆಯದು. ಸುತ್ತಲೂ ಮನೆ, ಅಂಗಡಿ, ಗುಡಿ, ಮಸೀದಿಗಳಿದ್ದು ನಡುವೆ ಜನ ನಿಂತು ಕೂತು ಮಾತಾಡುವ ಜಾಗ ಚೌಕ. ಸಂತೆ, ಜಾತ್ರೆ, ಕಬಡ್ಡಿ, ಬಯಲಾಟ, ಮದುವೆಯ ಊಟದ ಪಂಕ್ತಿ ಎಲ್ಲಕ್ಕೂ ಒದಗಿಬರುವ ಖಾಲಿ ನೆಲ ಬಯಲು. ಗಿಡಮರ ಬೆಳೆಸಿ, ದಾರಿ ಮಾಡಿ, ಬೇಲಿ ಹಾಕಿ ಕಾಪಾಡಿದ್ದು ಉದ್ಯಾನ. ಜನರ ಬಾಯಲ್ಲಿ ಪಾರ್ಕು. ಈಗಿನ ಬಡಾವಣೆಗಳ ನಕಾಶೆಯಲ್ಲಿ ಮೂರನೆಯದಕ್ಕೆ ಮಾತ್ರ ಹಸಿರು ಬಣ್ಣ ಬಳಿದಿರುತ್ತದೆ. ಉಳಿದೆರಡಕ್ಕೆ ಹೆಸರೂ ಇಲ್ಲ, ಅಳತೆಯೂ ಇಲ್ಲ. ರಾಯಚೂರು, ಮಾನ್ವಿ, ದೇವದುರ್ಗದಂಥ ಊರುಗಳಲ್ಲಿ ಜನಜೀವನ ನಡೆಯುವುದು ಬಹುಪಾಲು ಆ ಎರಡರಲ್ಲೇ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ನೆಲದಲ್ಲಿ ಸಾರ್ವಜನಿಕ ಜಾಗ ರೂಪಿಸುವವರು ಮೊದಲು ಲೆಕ್ಕ ಹಾಕಬೇಕಾದದ್ದು ಬಿಸಿಲನ್ನು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ರಾಯಚೂರು ಇರುವುದು ಸುಮಾರು 16.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಮತ್ತೊಮ್ಮೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಆಗ ನೆಟ್ಟ ಕಂಬಕ್ಕೆ ನೆರಳೇ ಬೀಳುವುದಿಲ್ಲ. ವರ್ಷದ ಅತಿ ಕಡು ಬಿಸಿಲಿನ ದಿನಗಳಲ್ಲಿ ಗೋಡೆ, ಕಾಂಪೌಂಡ್, ಎತ್ತರದ ಕಟ್ಟಡ ಯಾವುವೂ ಮಧ್ಯಾಹ್ನ ನೆರಳು ಕೊಡಲಾರವು. ತಲೆಯ ಮೇಲೆ ಹರಡಿದ ಕೊಂಬೆ ಅಥವಾ ಚಪ್ಪರವೊಂದೇ ದಿಕ್ಕು. ತಂಪು ದೇಶದ ಊರುಗಳಲ್ಲಿ ಬಿಸಿಲು ಬೀಳುವ ಮೂಲೆ ಹುಡುಕಿ ಬೆಂಚು ಹಾಕುತ್ತಾರೆ. ಇಲ್ಲಿ ನಕಾಶೆಯ ಮೊದಲ ಗೆರೆ ನೆರಳಿನದಾಗಿರಬೇಕು. ದಾರಿ, ಬೆಂಚು, ಆಟದ ಸಾಮಾನು ಅದರ ಹಿಂದೆ ಬರಬೇಕು.

ಈ ಲೆಕ್ಕ ಹಳಬರಿಗೆ ಗೊತ್ತಿತ್ತು. ಊರ ಅಗಸಿಯ ಬಳಿ ಬೇವಿನ ಗಿಡ, ಅದರ ಬುಡಕ್ಕೆ ಕಲ್ಲಿನ ಕಟ್ಟೆ, ಎದುರಿಗೆ ಹನುಮಪ್ಪನ ಗುಡಿ, ಪಕ್ಕದಲ್ಲಿ ಬಾವಿ: ಈ ಸೀಮೆಯ ಹಳ್ಳಿಗಳಲ್ಲಿ ಮತ್ತೆ ಮತ್ತೆ ಕಾಣುವ ಚೌಕ ಇದು. ಅದರ ಬಳಕೆಯ ಕ್ರಮವನ್ನು ಒಂದು ದಿನ ನೋಡಿದರೂ ಸಾಕು. ಬೆಳಗಿನ ನೆರಳು ಕಟ್ಟೆಯ ಪಡುವಣ ಬದಿಗೆ ಚಾಚಿಕೊಂಡಿರುತ್ತದೆ, ಕೂಲಿಗೆ ಹೊರಡುವವರು ಅಲ್ಲಿ ಕೂಡುತ್ತಾರೆ. ಮಧ್ಯಾಹ್ನ ನೆರಳು ಬುಡಕ್ಕೆ ಸರಿದಾಗ ವಯಸ್ಸಾದವರು ಅಲ್ಲೇ ಟವೆಲ್ ಹಾಸಿ ಮಲಗುತ್ತಾರೆ. ಸಂಜೆ ಮೂಡಣ ಬದಿ ತಂಪಾಗುತ್ತದೆ, ಶಾಲೆ ಬಿಟ್ಟ ಮಕ್ಕಳು ಅತ್ತ ಸೇರುತ್ತಾರೆ. ಸುತ್ತಲೂ ಕೂರಲು ಬರುವಂತೆ ಕಟ್ಟೆ ದುಂಡಗಿರುವುದರಿಂದಲೇ ಇದು ಸಾಧ್ಯ. ಒಂದೇ ದಿಕ್ಕಿಗೆ ಮುಖ ಮಾಡಿ ನೆಟ್ಟ ಸಿಮೆಂಟ್ ಬೆಂಚು ದಿನದಲ್ಲಿ ಎರಡು ಮೂರು ತಾಸು ಮಾತ್ರ ಕೆಲಸಕ್ಕೆ ಬರುತ್ತದೆ.

ಅದೇ ಹಳ್ಳಿಯಲ್ಲಿ ಮೊಹರಂ ಹೊತ್ತಿಗೆ ಮತ್ತೊಂದು ಚೌಕ ಜೀವ ತಳೆಯುತ್ತದೆ. ಪೀರಲ ದೇವರ ಗುಡಿಯ ಮುಂದೆ ಅಲಾಯಿ ಕುಣಿ ತೋಡಿ, ಬೆಂಕಿ ಹಾಕಿ, ಅದರ ಸುತ್ತ ಹೆಜ್ಜೆ ಹಾಕುವಾಗ ಹಿಂದೂ, ಮುಸ್ಲಿಂ ಎಂಬ ಭೇದವಿಲ್ಲದೆ ಊರೇ ಅಲ್ಲಿರುತ್ತದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಇದರ ದೊಡ್ಡ ರೂಪ. ರಾಯಚೂರು ನಗರದಲ್ಲಿ ಕಾರಹುಣ್ಣಿಮೆಯ ಹೊತ್ತಿಗೆ ಮುನ್ನೂರುಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆ ನಡೆಯುವುದು ರಾಜೇಂದ್ರ ಗಂಜ್‌ನಲ್ಲಿ, ಅಂದರೆ ಎಪಿಎಂಸಿ ಅಂಗಳದಲ್ಲಿ. ಹತ್ತಿ, ಭತ್ತದ ಚೀಲ ಇಳಿಸುವ ನೆಲ ಆ ದಿನಗಳಲ್ಲಿ ನಗರದ ಅತಿ ದೊಡ್ಡ ಚೌಕವಾಗುತ್ತದೆ. ಇಂಥ ಜಾಗದಲ್ಲಿ ಕಾರಂಜಿ, ಹೂವಿನ ಪಾತಿ, ಪ್ರತಿಮೆ ತಂದು ನಿಲ್ಲಿಸಿದರೆ ಹಬ್ಬಕ್ಕೆ ನೆಲವೇ ಉಳಿಯುವುದಿಲ್ಲ. ನಡುವೆ ಖಾಲಿ ಬಿಡುವುದನ್ನೂ ವಿನ್ಯಾಸದ ಕೆಲಸವೆಂದೇ ತಿಳಿಯಬೇಕು.

ರಾಯಚೂರು ನಗರಕ್ಕೆ ಈ ಪರಂಪರೆಯ ಮೇಲೆ ಇನ್ನೂ ಎರಡು ಪದರಗಳಿವೆ. ಒಂದು ಕೋಟೆಯದು. 1294ರಲ್ಲಿ ಕಾಕತೀಯರ ಕಾಲಕ್ಕೆ ಗಾರೆಯಿಲ್ಲದೆ ಭಾರಿ ಕಲ್ಲುಗಳಿಂದ ಕಟ್ಟಿದ ಒಳಗೋಡೆ, 40 ಅಡಿಗೂ ಉದ್ದದ ಒಂದೇ ಚಪ್ಪಡಿಯ ಮೇಲಿನ ಶಾಸನ, ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳು ಕಟ್ಟಿಸಿದ ಹೊರಗೋಡೆ, ಅದರ ಸುತ್ತಿನ ಕಂದಕ. ನವರಂಗ್ ದರವಾಜಾ, ಮೆಕ್ಕಾ ದರವಾಜಾ, ಕಾಟಿ ದರವಾಜಾಗಳ ಒಳಹೊರಗೆ ಸಹಜವಾಗಿಯೇ ಜನ ನಿಲ್ಲುವ ಜಾಗಗಳು ಹುಟ್ಟಿಕೊಂಡವು. ಇನ್ನೊಂದು ರೈಲಿನದು. ಮುಂಬೈ ಕಡೆಯ ಮತ್ತು ಮದ್ರಾಸ್ ಕಡೆಯ ಹಳಿಗಳು 1871ರಲ್ಲಿ ಕೂಡಿದ್ದು ರಾಯಚೂರಿನಲ್ಲೇ. ಅಲ್ಲಿಂದ ಊರು ಕೋಟೆಯಾಚೆಗೆ ಹರಡಿತು. ತೀನ್ ಕಂದೀಲ್‌ನಂಥ ಕೂಡುದಾರಿಗಳಲ್ಲಿ ಇಂದೂ ಹಣ್ಣಿನ ಬಂಡಿ, ಆಟೊ, ಬಟ್ಟೆ ಅಂಗಡಿ, ಕಾಲ್ನಡಿಗೆಯವರು ಒಂದೇ ಅಂಗುಲಕ್ಕಾಗಿ ಪೈಪೋಟಿ ಮಾಡುತ್ತಾರೆ. ರೈಲು ಬಂದ ಕಾಲಕ್ಕೆ ರಾಯಚೂರು ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1908ರ ಮೂಸಿ ನದಿಯ ಪ್ರವಾಹದ ನಂತರ ರಾಜಧಾನಿ ಹೈದರಾಬಾದಿಗೆ 1912ರಲ್ಲಿ ನಗರ ಸುಧಾರಣಾ ಮಂಡಳಿ ಬಂತು. ಮೈಸೂರಿಗೆ ಅಂಥದೇ ಮಂಡಳಿ 1903ರಲ್ಲೇ ಬಂದಿತ್ತು. ಲಾಲ್‌ಬಾಗ್, ಕಬ್ಬನ್ ಪಾರ್ಕುಗಳ ಬೆಂಗಳೂರಿಗೂ ವೃತ್ತಗಳ ಮೈಸೂರಿಗೂ ರಾಜಾಶ್ರಯವಿತ್ತು, ಮೇಲಾಗಿ ಹವೆಯೂ ತಂಪು. ಆ ಉದ್ಯಾನಗಳ ಹುಲ್ಲುಹಾಸನ್ನು ಮಾದರಿ ಎಂದುಕೊಂಡು ರಾಯಚೂರು ಸೀಮೆಗೆ ತಂದದ್ದರಿಂದ ಆದ ನಷ್ಟ ದೊಡ್ಡದು.

ಹುಲ್ಲುಹಾಸಿನ ಲೆಕ್ಕ ಸರಳ. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಲು ದಿನಕ್ಕೆ 5 ಮಿಲಿಮೀಟರ್ ಹಿಡಿದರೂ 1,000 ಚದರ ಮೀಟರಿಗೆ ದಿನಕ್ಕೆ 5,000 ಲೀಟರ್ ಬೇಕು. ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ಗೊತ್ತುಪಡಿಸಿದ್ದು ದಿನಕ್ಕೆ 55 ಲೀಟರ್. ಅಂದರೆ 90 ಜನರ ನೀರು ಅಂಗಳದಷ್ಟು ಹುಲ್ಲಿಗೆ ಹೋಗುತ್ತದೆ. ಅಷ್ಟು ಕೊಟ್ಟ ಮೇಲೂ ಮಧ್ಯಾಹ್ನ ಆ ಹುಲ್ಲಿನ ಮೇಲೆ ಯಾರೂ ಕೂರಲಾರರು. ಅದೇ ಜಾಗದಲ್ಲಿ ಹತ್ತು ಬೇವು ನೆಟ್ಟರೆ ಮೂರು ಬೇಸಿಗೆ ನೀರುಣಿಸಿದ ಮೇಲೆ ಅವು ತಮ್ಮಷ್ಟಕ್ಕೆ ಬದುಕಿಕೊಳ್ಳುತ್ತವೆ. ಬೆಳೆದ ಒಂದು ಬೇವಿನ ಹರವು 8ರಿಂದ 10 ಮೀಟರ್. ನಡುಮಧ್ಯಾಹ್ನ ಅದರಡಿ ನಲವತ್ತು ಐವತ್ತು ಜನ ಆರಾಮವಾಗಿ ಕೂರಬಹುದು.

ಗಿಡದ ಆಯ್ಕೆಯಲ್ಲಿ ನೋಡಬೇಕಾದದ್ದು ಯಾವ ತಿಂಗಳಲ್ಲಿ ಎಲೆ ಇರುತ್ತದೆ ಎಂಬುದನ್ನು. ಬೇವು ಮತ್ತು ಹೊಂಗೆ ಚಳಿಗಾಲದ ಕೊನೆಗೆ ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ ಹೊಸ ಚಿಗುರು ತೊಟ್ಟು, ಬಿಸಿಲು ಏರುವಷ್ಟರಲ್ಲಿ ದಟ್ಟವಾಗಿರುತ್ತವೆ. ಅರಳಿಯೂ ಏಪ್ರಿಲ್‌ಗೆ ಎಲೆ ತುಂಬಿಕೊಳ್ಳುತ್ತದೆ. ಹುಣಸೆಯ ಎಲೆ ಸಣ್ಣದಾದರೂ ನೆರಳು ಗಾಢ. ಗುಲ್‌ಮೊಹರ್ ಹೂ ಬಿಡುವಾಗ ಕಣ್ಣಿಗೆ ಹಬ್ಬವೇನೋ ಹೌದು, ಆದರೆ ನೆರಳು ಬೇಕಾದ ಏಪ್ರಿಲ್‌ನಲ್ಲೇ ಅದು ಬೋಳಾಗಿ ನಿಂತಿರುತ್ತದೆ. ಬೇರು ಮೇಲ್ಮಟ್ಟದಲ್ಲಿರುವುದರಿಂದ ಮುಂಗಾರಿನ ಬಿರುಗಾಳಿಗೆ ಉರುಳುವುದೂ ಉಂಟು. ಬೇಗ ಹಸಿರಾಗುತ್ತದೆ ಎಂದು ಊರೂರಿನಲ್ಲಿ ನೆಟ್ಟ ಕೋನೋಕಾರ್ಪಸ್ ಗಿಡವನ್ನು ತೆಲಂಗಾಣ 2022ರಲ್ಲಿ, ಗುಜರಾತ್ 2023ರಲ್ಲಿ ನಿಷೇಧಿಸಿದವು. ಅದರ ಕೆಳಗೆ ಕೂರುವಷ್ಟು ನೆರಳೂ ಇಲ್ಲ, ಹಕ್ಕಿಗೆ ಹಣ್ಣೂ ಇಲ್ಲ. ಚೌಕದ ಪಡುವಣ ಅಂಚಿಗೆ ಎತ್ತರಕ್ಕೆ ಹೋಗುವ ಗಿಡ ನೆಟ್ಟು, ಕೆಳಗಿನ ಕೊಂಬೆಗಳನ್ನು ಆಳೆತ್ತರಕ್ಕೂ ಮೇಲೆ ಸವರಿದರೆ ಮೂರು ಗಂಟೆಯ ಸುಡುಬಿಸಿಲು ನಿಲ್ಲುತ್ತದೆ, ಪಡುವಣ ಗಾಳಿ ಮಾತ್ರ ಕಾಂಡಗಳ ನಡುವೆ ಹಾದು ಬರುತ್ತದೆ.

ಕಟ್ಟೆ ಕಟ್ಟುವಾಗ ಆಗುವ ಒಂದು ತಪ್ಪಿನಿಂದ ಒಳ್ಳೊಳ್ಳೆಯ ಗಿಡಗಳು ಒಣಗಿಹೋಗುತ್ತವೆ. ಬೆಳೆದ ಬೇವಿನ ಬುಡಕ್ಕೆ ಎರಡು ಮೂರು ಅಡಿ ಮಣ್ಣು ತುಂಬಿ, ಕಾಂಡಕ್ಕೆ ತಾಗುವವರೆಗೂ ಸಿಮೆಂಟ್ ಬಳಿದು ಟೈಲ್ಸ್ ಹಾಕುತ್ತಾರೆ. ಕಾಂಡ ಬೇರಿಗೆ ಕೂಡುವ ಭಾಗ ಮಣ್ಣಿನಡಿ ಹೂತುಹೋದರೆ ಕೊಳೆಯುತ್ತದೆ, ಬೇರಿಗೆ ಗಾಳಿ ನೀರು ತಲುಪುವುದಿಲ್ಲ. ಹಳೆಯ ಗಿಡವಿದ್ದಲ್ಲಿ ಕಟ್ಟೆಯನ್ನು ಬುಡದಿಂದ ದೂರಕ್ಕೆ ಬಳೆಯಂತೆ ಕಟ್ಟಿ, ಒಳಗಿನ ನೆಲವನ್ನು ಮೊದಲಿದ್ದ ಮಟ್ಟದಲ್ಲೇ ಬಿಡಬೇಕು. ಕಾಂಡದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ಬಯಲಾಗಿರಬೇಕು. ಕೂರುವ ಎತ್ತರ 45 ಸೆಂಟಿಮೀಟರ್ ಆಸುಪಾಸು ಇದ್ದರೆ ಮೊಣಕಾಲು ನೋಯುವವರಿಗೂ ಒಗ್ಗುತ್ತದೆ. ಹಳೆಯ ಎತ್ತರದ ಕಟ್ಟೆಗೆ ಒಂದು ಮೆಟ್ಟಿಲು ಸೇರಿಸಿದರೆ ಸಾಕು. ಕಬ್ಬಿಣದ ಬೆಂಚು, ತಗಡಿನ ಜಾರುಬಂಡೆ ಈ ಊರುಗಳಿಗೆ ತಕ್ಕವಲ್ಲ. ಬೆಳಗ್ಗೆ ಹತ್ತಕ್ಕೇ ಅವು ಮುಟ್ಟಲಾಗದಷ್ಟು ಕಾಯುತ್ತವೆ, ಸುಡುವುದು ಮಕ್ಕಳ ತೊಡೆಯನ್ನು. ಈ ನೆಲದಲ್ಲೇ ಸಿಗುವ ಗ್ರಾನೈಟ್ ನೆರಳಲ್ಲಿದ್ದರೆ ತಂಪು, ತಲೆಮಾರುಗಟ್ಟಲೆ ಬಾಳುತ್ತದೆ.

ನೆಲದ ವಿಷಯಕ್ಕೆ ಬಂದರೆ ಎರೆಮಣ್ಣು ತನ್ನದೇ ಕಾನೂನು ಹೇಳುತ್ತದೆ. ನೀರು ಕುಡಿದಾಗ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಈ ಮಣ್ಣಿನ ಮೇಲೆ ನೇರವಾಗಿ ಹಾಸಿದ ಸಿಮೆಂಟ್ ಟೈಲ್ಸ್ ಎರಡು ಮಳೆಗಾಲದೊಳಗೆ ಎದ್ದು ಕುಂತು ಮಾಡುತ್ತವೆ. ಎಡವಿ ಬೀಳುವವರು ವಯಸ್ಸಾದವರು. ಮೇಲ್ಮಣ್ಣು ತೆಗೆದು, ಮರಂ ತುಂಬಿ ಧಮ್ಮಸು ಮಾಡಿ, ಅದರ ಮೇಲೆ ಮರಳಿನ ಹಾಸಿಗೆಯಲ್ಲಿ ಪರಸಿ ಕಲ್ಲನ್ನು ಸಂದು ಬಿಟ್ಟು ಕೂರಿಸಿದರೆ ನೆಲ ಅಲುಗಿದರೂ ಕಲ್ಲನ್ನು ಎತ್ತಿ ಮತ್ತೆ ಸಮ ಮಾಡಬಹುದು. ಬಯಲಿಗೆ ಕಲ್ಲೂ ಬೇಡ, ಗಟ್ಟಿಸಿದ ಮರಂ ಸಾಕು. ಮಸಾರಿ ನೆಲದಲ್ಲಿ ಈ ತಾಪತ್ರಯ ಕಡಿಮೆ.

ರಾಯಚೂರು ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 650 ಮಿಲಿಮೀಟರ್. ಒಂದು ಎಕರೆ ಬಯಲಿನ ಮೇಲೆ ಬೀಳುವ ನೀರು ಸುಮಾರು 26 ಲಕ್ಷ ಲೀಟರ್ ಆಯಿತು. ಅದು ಚರಂಡಿಗೆ ಹೋಗದಂತೆ ನೆಲಕ್ಕೆ ಸಣ್ಣ ಇಳಿಜಾರು ಕೊಟ್ಟು ಅಂಚಿನ ಗಿಡಗಳ ಸಾಲಿಗೆ ತಿರುಗಿಸಿದರೆ ಮೊದಲ ವರ್ಷಗಳ ಟ್ಯಾಂಕರ್ ಖರ್ಚಿನಲ್ಲಿ ಒಂದು ಪಾಲು ಉಳಿಯುತ್ತದೆ. ಎರೆಮಣ್ಣಿನಲ್ಲಿ ನೀರು ಇಂಗುವುದು ನಿಧಾನ, ಆದ್ದರಿಂದ ತಗ್ಗನ್ನು ಕೂರುವ ಜಾಗದಿಂದ ದೂರ ಇಡಬೇಕು. ರಾಯಚೂರಿನ ಖಾಸ್ ಬಾವಿ, ಮಾವಿನಕೆರೆಗಳಂಥ ಹಳೆಯ ನೀರಿನ ತಾಣಗಳ ದಂಡೆಯೂ ಊರಿಗೆ ಸಿಗಬಹುದಾದ ಒಳ್ಳೆಯ ಉದ್ಯಾನವೇ. ಹೊಸ ಕಾರಂಜಿಗೆ ಸುರಿಯುವ ದುಡ್ಡು ಅಲ್ಲಿನ ಹೂಳು, ಕಸ ತೆಗೆಯಲು ಹೋದರೆ ಎಷ್ಟೋ ಸಾರ್ಥಕ.

ಚೌಕ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಗೆ ಆಸ್ಟ್ರಿಯಾದ ಕ್ಯಾಮಿಲೊ ಸಿಟ್ಟೆ 1889ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಅಂದಾಜು ಕೊಟ್ಟ: ಯುರೋಪಿನ ಹಳೆಯ ಊರುಗಳ ದೊಡ್ಡ ಚೌಕಗಳ ಸರಾಸರಿ ಅಳತೆ 142 ಮೀಟರ್ ಉದ್ದ, 58 ಮೀಟರ್ ಅಗಲ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೆಲ್ ಇದನ್ನು ಮನುಷ್ಯನ ಕಣ್ಣಿಗೆ ಜೋಡಿಸಿದ. ದೂರದಲ್ಲಿರುವುದು ಮನುಷ್ಯನೆಂದು, ಅವನು ಏನು ಮಾಡುತ್ತಿದ್ದಾನೆಂದು ತಿಳಿಯುವುದು ಸುಮಾರು 100 ಮೀಟರ್ ಒಳಗೆ. ಮುಖದ ಭಾವ ಕಾಣುವುದು 20–25 ಮೀಟರ್ ಒಳಗೆ. ಒಂದು, ಎರಡು ಅಂತಸ್ತಿನ ಮನೆಗಳಿರುವ ಮಾನ್ವಿಯ ಓಣಿಗೆ 20–25 ಮೀಟರ್ ಅಗಲದ ಚೌಕ ಹಿತ. ಎಲ್ಲರ ಮುಖವೂ ಎಲ್ಲರಿಗೂ ಕಾಣುತ್ತದೆ, ಬಾಗಿಲಲ್ಲಿ ಕೂತು ಕಾಳು ಹಸನು ಮಾಡುವ ಹೆಣ್ಣುಮಗಳ ಕಣ್ಣಳತೆಯಲ್ಲೇ ಮಕ್ಕಳು ಆಡಿಕೊಂಡಿರುತ್ತವೆ. ಕಾಯುವ ಕಣ್ಣುಗಳು ಬೀದಿಯ ಮೇಲೆಯೇ ಇರಬೇಕೆಂದು ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲಿ ಬರೆದದ್ದು ಇದನ್ನೇ. ಮನೆಗಳ ಬೆನ್ನಿಗೆ, ಚರಂಡಿಯ ಪಕ್ಕಕ್ಕೆ, ಯಾರಿಗೂ ಬೇಡವಾಗಿ ಉಳಿದ ಮೂಲೆಯನ್ನು ಪಾರ್ಕು ಎಂದು ಗುರುತಿಸುವ ಬಡಾವಣೆಗಳಲ್ಲಿ ಆ ಕಣ್ಣುಗಳಿಲ್ಲ. ಕತ್ತಲಾದ ಮೇಲೆ ಅಲ್ಲಿಗೆ ಹೆಣ್ಣುಮಕ್ಕಳು ಕಾಲಿಡುವುದಿಲ್ಲ.

ಹೆಣ್ಣುಮಕ್ಕಳ ಸಂಖ್ಯೆಯೇ ಸಾರ್ವಜನಿಕ ಜಾಗದ ನಂಬಲರ್ಹ ಅಳತೆಗೋಲು. ನ್ಯೂಯಾರ್ಕಿನ ಚೌಕಗಳನ್ನು ವರ್ಷಗಟ್ಟಲೆ ಕ್ಯಾಮೆರಾ ಇಟ್ಟು ನೋಡಿದ ವಿಲಿಯಂ ವೈಟ್ 1980ರಲ್ಲಿ ಹೊರತಂದ ಪುಸ್ತಕದಲ್ಲಿ, ಚೆನ್ನಾಗಿ ನಡೆಯುವ ಚೌಕಗಳಲ್ಲಿ ಹೆಂಗಸರ ಪಾಲು ಹೆಚ್ಚಿರುವುದನ್ನು ತೋರಿಸಿದ. ಅವನ ಇನ್ನೊಂದು ಶೋಧ ಕೇಳಲು ತೀರಾ ಸಾದಾ: ಕೂರಲು ಜಾಗವಿದ್ದಲ್ಲಿ ಜನ ಕೂರುತ್ತಾರೆ. ರಾಯಚೂರು ಸೀಮೆಯಲ್ಲಿ ಹಳೆಯ ಕಟ್ಟೆ ಬಹುತೇಕ ಗಂಡಸರದೇ ಆಗಿತ್ತು. ಹೆಂಗಸರ ಚೌಕವೆಂದರೆ ಬಾವಿ, ಬೋರ್‌ವೆಲ್, ಹಿಟ್ಟಿನ ಗಿರಣಿ. ನಳ ಮನೆಗೆ ಬಂದ ಮೇಲೆ ಅದೂ ಕರಗಿತು. ಹೊಸದಾಗಿ ರೂಪಿಸುವವರು ಈ ನಷ್ಟವನ್ನು ತುಂಬಿಕೊಡಬೇಕು. ಅಂಗನವಾಡಿ, ಗಿರಣಿ, ಕುಡಿಯುವ ನೀರಿನ ಘಟಕ ಇರುವೆಡೆ ನೆರಳು, ಕಟ್ಟೆ, ದೀಪ, ಸ್ವಚ್ಛವಾದ ಶೌಚಾಲಯ ಕೂಡಿಬಂದರೆ ಹೆಂಗಸರು ಅಲ್ಲಿ ಹಕ್ಕಿನಿಂದ ಕೂರುತ್ತಾರೆ.

ಬೇಲಿ ಮತ್ತು ಬೀಗ ಇನ್ನೊಂದು ಕಗ್ಗಂಟು. ಬೇಲಿ ಇಲ್ಲದಿದ್ದರೆ ಆಡು, ದನ ಸಸಿ ತಿಂದುಹಾಕುತ್ತವೆ ಎಂಬುದು ನಿಜ. ಅದಕ್ಕೆ ಒಂದೊಂದು ಸಸಿಗೆ ಕಾವಲು ಪಂಜರ ಸಾಕು, ಇಡೀ ಉದ್ಯಾನವನ್ನು ಸರಳಿನ ಹಿಂದಿಡಬೇಕಿಲ್ಲ. ಬೆಳಗ್ಗೆ ಮತ್ತು ಸಂಜೆ ವಾಯುವಿಹಾರದ ಹೊತ್ತಿಗೆ ಮಾತ್ರ ಗೇಟು ತೆಗೆದು ಮಧ್ಯಾಹ್ನ ಬೀಗ ಹಾಕುವ ರೂಢಿ ಹಲವು ಊರುಗಳಲ್ಲಿದೆ. ಮಧ್ಯಾಹ್ನವೇ ನೆರಳು ಬೇಕಾದವರು ಹಮಾಲಿಗಳು, ಬಸ್ಸಿಗೆ ಕಾಯುವ ರೈತರು, ಆಸ್ಪತ್ರೆಗೆ ಬಂದ ರೋಗಿಯ ಕಡೆಯವರು, ಹಾಸ್ಟೆಲಿನ ಹುಡುಗರು. ಅವರನ್ನು ಹೊರಗಿಟ್ಟ ಉದ್ಯಾನ ಅರ್ಧ ಊರಿಗೆ ಮಾತ್ರ ಸೇರಿದ್ದು.

ರಾಯಚೂರು–ಮಾನ್ವಿ ಹಾದಿಯ ನೀರಮಾನ್ವಿಯಲ್ಲಿ ಈ ಎಲ್ಲ ಪ್ರಶ್ನೆಗಳೂ ಒಟ್ಟಿಗೆ ಬರುತ್ತವೆ. ಕಲ್ಲುಗುಡ್ಡ, ಯಲ್ಲಮ್ಮ ದೇವಿಯ ಗುಡಿ, ದೊಡ್ಡ ಜಾತ್ರೆ, ಜೊತೆಗೆ ವಾಹನ ಓಡಾಡುವ ಹೆದ್ದಾರಿ. ಇಲ್ಲಿನ ಬಯಲಿಗೆ ಎರಡು ಅಳತೆ: ದಿನನಿತ್ಯದ ಊರು, ಜಾತ್ರೆಯ ಊರು. ಯಲ್ಲಮ್ಮನ ಭಕ್ತರಲ್ಲಿ ಪಡ್ಡಲಗಿ ತುಂಬಿಸುವ ಸಂಪ್ರದಾಯವಿದೆ. ಆ ಆಚರಣೆಗೆ ಒಂದೊಂದು ಕುಟುಂಬವೂ ಮೂರು ಕಲ್ಲಿನ ಒಲೆ ಹೂಡಿ, ಅಡುಗೆ ಮಾಡಿ, ಎಡೆ ಇಟ್ಟು, ಬಳಗವನ್ನೆಲ್ಲ ಕೂರಿಸಿ ಉಣ್ಣಬೇಕು. ಅದಕ್ಕೆ ಬೇಕಾದದ್ದು ಸಮತಟ್ಟಾದ ನೆಲ, ಹತ್ತು ಹೆಜ್ಜೆಯಲ್ಲಿ ನೀರು, ತಲೆಯ ಮೇಲೆ ನೆರಳು, ಬೂದಿ, ಎಂಜಲು ಹಾಕಲು ಗುಂಡಿ. ಇಂಥ ಬಯಲಿನ ನಡುವೆ ಏನನ್ನೂ ಕಟ್ಟದೆ, ಅಂಚಿನುದ್ದಕ್ಕೂ ಬೇವು, ಹುಣಸೆಯ ತೋಪುಗಳನ್ನು 8–10 ಮೀಟರ್ ಅಂತರದಲ್ಲಿ ಬೆಳೆಸಿದರೆ ಗಿಡಗಳ ನಡುವಿನ ಒಂದೊಂದು ಚೌಕವೂ ಒಂದೊಂದು ಬಳಗಕ್ಕೆ ಬಿಡಾರವಾಗುತ್ತದೆ. ಟ್ರ್ಯಾಕ್ಟರ್, ಬಂಡಿ, ಬಸ್ಸು ನಿಲ್ಲುವ ಜಾಗವನ್ನು ಹೆದ್ದಾರಿಯ ಬದಿಗೇ ಇಟ್ಟು, ಅಲ್ಲಿಂದ ಗುಡಿಯವರೆಗೆ ವಾಹನ ಬಾರದ ಅಗಲ ಹಾದಿ ಬಿಡಬೇಕು. ಜನ ಒಳಹೋಗುವ ದಾರಿ ಮತ್ತು ಹೊರಬರುವ ದಾರಿ ಬೇರೆ ಬೇರೆ ಇರಬೇಕು. ಉಳಿದ ದಿನಗಳಲ್ಲಿ ಆ ಹಾದಿಯೇ ಮಕ್ಕಳ ಸೈಕಲ್ ಬಯಲು. ತೋಪೇ ಊರ ಉದ್ಯಾನ. ಗುಡ್ಡದ ಬುಡಕ್ಕೆ ಹೊಸ ಕಟ್ಟಡ ಒತ್ತಿಕೊಂಡು ಬಾರದಂತೆ ಪಟ್ಟಿ ಬಿಡುವುದೂ ಅಷ್ಟೇ ಮುಖ್ಯ, ಏಕೆಂದರೆ ಬಂಡೆಯ ಮೇಲಿನ ಮಳೆನೀರು ಇಳಿಯುವುದು ಅಲ್ಲಿಗೆ.

ಜಾಗ ಉಳಿಯಬೇಕಾದರೆ ಕಾಗದವೂ ಗಟ್ಟಿ ಇರಬೇಕು. ನಗರ ಯೋಜನೆಗೆಂದು ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಒಬ್ಬರಿಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಬೇಕೆನ್ನುತ್ತದೆ. ಕರ್ನಾಟಕದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಜೊತೆಗೆ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಸ್ಥಳಗಳ ರಕ್ಷಣೆಗೆಂದೇ 1985ರ ಕಾಯ್ದೆ ಇದೆ. ಇವುಗಳಿಗೆ ಬಲ ತಂದ ತೀರ್ಪು ಬಂದದ್ದು ಬೆಂಗಳೂರಿನ ಪ್ರಕರಣದಿಂದ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಅಲ್ಲಿನ ನಿವಾಸಿಗಳು ಪ್ರಶ್ನಿಸಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಅವರ ನಡುವಿನ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನಿವಾಸಿಗಳ ಪರ ನಿಂತಿತು. ಆಸ್ಪತ್ರೆ ಒಳ್ಳೆಯ ಉದ್ದೇಶವೇ ಆದರೂ ಉದ್ಯಾನದ ಜಾಗ ಅದಕ್ಕೆ ಸಲ್ಲದು, ಅದನ್ನು ಉಳಿಸಲು ಕೋರ್ಟಿಗೆ ಬರುವ ಹಕ್ಕು ನೆರೆಹೊರೆಯವರಿಗಿದೆ ಎಂಬುದು ಅದರ ಸಾರ. ಪುರಸಭೆಗೆ ಅರ್ಜಿ ಹಿಡಿದು ಹೋಗುವ ದೇವದುರ್ಗದ ಓಣಿಯವರಿಗೂ ಈ ತೀರ್ಪು ಆಸರೆಯಾಗುತ್ತದೆ. ಮಾಡಬೇಕಾದ ಮೊದಲ ಕೆಲಸ, ಊರಲ್ಲಿರುವ ಚೌಕ, ಬಯಲು, ಅಲಾಯಿ ಕುಣಿ, ಸಂತೆಕಟ್ಟೆಗಳೆಲ್ಲವನ್ನೂ ಸರ್ವೆ ನಂಬರ್ ಸಮೇತ ಸ್ಥಳೀಯ ಸಂಸ್ಥೆಯ ಪಟ್ಟಿಗೆ ಸೇರಿಸುವುದು. ಪಟ್ಟಿಯಲ್ಲಿಲ್ಲದ ಬಯಲು ಮಳಿಗೆ ಸಾಲಾಗಲು ಹೆಚ್ಚು ಕಾಲ ಬೇಕಿಲ್ಲ.

ದುಡ್ಡಿನ ಹಾದಿ ಕಿರಿದು. 2015ರಲ್ಲಿ ಶುರುವಾದ, ರಾಯಚೂರೂ ಸೇರಿದ್ದ ಅಮೃತ್ ಯೋಜನೆಯಲ್ಲಿ ಉದ್ಯಾನಗಳಿಗೆ ಇಟ್ಟ ಪಾಲು ಗರಿಷ್ಠ ಶೇ 2.5. ಅಷ್ಟರಲ್ಲೂ ಬಹುಪಾಲು ಕಾಂಪೌಂಡ್, ಕಮಾನು, ಟೈಲ್ಸ್‌ಗೆ ಹೋಗಿ, ನೀರುಣಿಸುವ ಕೆಲಸಕ್ಕೆ ಏನೂ ಉಳಿಯದಿರುವುದು ಹಳೆಯ ರೋಗ. ಜೂನ್, ಜುಲೈನಲ್ಲಿ ಹದ ಮಳೆ ಬಿದ್ದ ಮೇಲೆ, ಮೀಟರ್ ಆಳ ಅಗಲದ ಗುಂಡಿಗೆ ಕೆಂಪು ಮಣ್ಣು, ಗೊಬ್ಬರ ಬೆರೆಸಿ ತುಂಬಿ, ಆಳೆತ್ತರದ ಸಸಿ ನೆಡುವುದು ಸುಲಭದ ಭಾಗ. ಆ ಸಸಿಯ ಹಣೆಬರಹ ತೀರ್ಮಾನವಾಗುವುದು ಮುಂದಿನ ಫೆಬ್ರುವರಿಯಿಂದ ಮೇವರೆಗೆ. ವಾರಕ್ಕೆ ಎರಡು ಸಲ ಬುಡಕ್ಕೆ ಇಪ್ಪತ್ತು ಲೀಟರ್ ನೀರು, ಬುಡದ ಮೇಲೆ ಒಣಹುಲ್ಲಿನ ಹೊದಿಕೆ, ಸತ್ತ ಸಸಿಗೆ ಮರು ಮಳೆಗಾಲದಲ್ಲಿ ಬದಲಿ ಸಸಿ: ಇವಿಷ್ಟನ್ನು ಮೂರು ವರ್ಷ ನಡೆಸಲು ಒಬ್ಬ ಮಾಲಿಯ ಕೂಲಿಯನ್ನು ಕಾಮಗಾರಿಯ ಅಂದಾಜುಪಟ್ಟಿಯಲ್ಲೇ ಬರೆದಿಡಬೇಕು. ಕಮಾನಿನ ಖರ್ಚನ್ನು ಕೈಬಿಟ್ಟರೆ ಆ ಕೂಲಿಗೆ ಹಣ ಹೊಂದುತ್ತದೆ.